ಡೇವಿಡ್ ಸುಜುಕಿ: ವಿಜ್ಞಾನಿಯ ಮಾತು

ವಿಜ್ಞಾನಿಯೊಬ್ಬನು ಪ್ರಯೋಗಶಾಲೆಯನ್ನು ಬಿಟ್ಟು ಬಾನುಲಿಗೆ ಬಂದರೆ ಪಂಡಿತರು ಅವನು ಕೆಟ್ಟನೆನ್ನುತ್ತಾರೆ, ಜನರು ಉದ್ಧಾರವಾದನೆನ್ನುತ್ತಾರೆ. ಕೆನಡಾದ ಡೇವಿಡ್ ಸುಜುಕಿಯವರ ವಿಷಯದಲ್ಲಿ ನಾವು ಈ ಎರಡು ಮಾತುಗಳನ್ನೂ ಒಪ್ಪಲಾರೆವು.

1936ರಲ್ಲಿ ವ್ಯಾಂಕೂವರಿನಲ್ಲಿ ಜನಿಸಿದ ಸುಜುಕಿಯವರದು ಜಪಾನಿನಿಂದ ಬಂದು ನೆಲಸಿದ ಮನೆತನ. ಅವರ ತಂದೆತಾಯಿಗಳು ಕೆನಡಾದಲ್ಲಿಯೇ ಹುಟ್ಟಿದವರು. ಆದರೂ 1942ರಲ್ಲಿ, ಜಪಾನಿನೊಡನೆ ಯುದ್ಧ ನಡೆಯುತ್ತಿರಲು, ಸರಕಾರವು ಆ ಕುಲದ ಸುಮಾರು 22,000 ಜನರನ್ನು ಕರಾವಳಿಯಿಂದ ಒಳನಾಡಿಗೆ ಅಟ್ಟಿತು. ಸ್ಲೋಕನ್ ಕಣಿವೆಯ ಶಿಬಿರದಲ್ಲಿ ಉಳಿದ ಮಕ್ಕಳು ಜಪಾನೀ ಭಾಷೆಯನ್ನಾಡುತ್ತಿದ್ದರು. ಈ ಬಾಲಕನಿಗೆ ಇಂಗ್ಲಿಷೊಂದೇ ಬರುತ್ತಿತ್ತು. ಸರಕಾರದ ಕಣ್ಣಿಗೆ ಜಪಾನೀಯನಾದವನು ಜಪಾನೀ ಮಕ್ಕಳ ಕಣ್ಣಿಗೆ ಪರಕೀಯನಾದನು. ಗಡಿನಾಡಿನ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1961ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಅವರು ಹಣ್ಣುನೊಣಗಳ ಆನುವಂಶಿಕತೆಯ ಅಭ್ಯಾಸದಲ್ಲಿ ಹೆಸರಾದರು. 1971ರಲ್ಲಿ ಅವರೂ ಸಹೋದ್ಯೋಗಿಗಳೂ ಪ್ರಕಟಿಸಿದ ಪ್ರಯೋಗವೊಂದು ಬಹು ಸೊಗಸಾದುದು. 22 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಲವಲವಿಕೆಯಿಂದಿರುವ ನೊಣವು 29 ಡಿಗ್ರಿಗೆ ಏರಿಸಿದೊಡನೆ ಸ್ತಬ್ಧವಾಗಿ ಬೀಳುತ್ತದೆ. ತಂಪು ಮಾಡಿದರೆ ಮತ್ತೆ ಎದ್ದು ನಡೆಯುತ್ತದೆ. ಒಂದೇ ಜೀನಿನ ವ್ಯತ್ಯಾಸದಿಂದ ಇಷ್ಟಾಗುತ್ತದೆ. ಸುತ್ತಲಿನ ಉಷ್ಣಕ್ಕೂ ಜೀವದ ಚಲನೆಗೂ ಇರುವ ನಂಟನ್ನು ಅವರು ಮೊದಲು ಕಂಡುದು ಗಾಜಿನ ಸೀಸೆಯಲ್ಲಿ, ಕಾಡಿನಲ್ಲಲ್ಲ.

ಅವರನ್ನು ಧ್ವನಿವರ್ಧಕದ ಮುಂದೆ ತಂದುದು ಪರಿಸರಪ್ರೇಮವೊಂದೇ ಎಂದು ಭಾವಿಸುವುದು ತಪ್ಪು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅನೇಕ ತಳಿವಿಜ್ಞಾನಿಗಳು ಜನಾಂಗಗಳಲ್ಲಿ ಮೇಲುಕೀಳುಗಳನ್ನು ಎಣಿಸಿದ್ದರೆಂಬುದನ್ನು ಓದಿ ಅವರು ತಮ್ಮ ವಿದ್ಯೆಗೇ ಅಂಜಿದರು. ಶಿಬಿರವನ್ನು ಕಂಡವರಿಗೆ ಆ ಅಂಜಿಕೆ ಸಹಜ. 1975ರಲ್ಲಿ ಅವರ ಬಾನುಲಿ ಕಾರ್ಯಕ್ರಮ 'ಕ್ವರ್ಕ್ಸ್ ಅಂಡ್ ಕ್ವಾರ್ಕ್ಸ್' ಆರಂಭವಾಯಿತು. 1979ರಿಂದ 2023ರವರೆಗೆ ದೂರದರ್ಶನದಲ್ಲಿ 'ದಿ ನೇಚರ್ ಆಫ್ ಥಿಂಗ್ಸ್' ಕಾರ್ಯಕ್ರಮವನ್ನು ನಡೆಸಿಕೊಟ್ಟರು.

ಈ ದೀರ್ಘ ಕಾಲದಲ್ಲಿ ನಮಗೆ ಮುಖ್ಯವೆನಿಸುವುದು, ಹೈಡಾ ಗ್ವಾಯ್ ದ್ವೀಪಗಳಲ್ಲಿ ಮರ ಕಡಿಯುವುದನ್ನು ಕುರಿತು 1982ರಲ್ಲಿ ಚಿತ್ರಿಸಿದ ಕಾರ್ಯಕ್ರಮ. ಕಡಿತದಿಂದ ನಿಮ್ಮವರಿಗೇ ಕೂಲಿ ದೊರೆಯುವುದಲ್ಲ, ಮರಗಳು ಹೋದರೆ ನಿಮಗೇನು ನಷ್ಟ ಎಂದು ಹೈಡಾ ಕುಲದ ಶಿಲ್ಪಿ ಗೂಜಾವ್ ಅವರನ್ನು ಸುಜುಕಿ ಕೇಳಿದರು. ಆಗ ನಾವೂ ಉಳಿದೆಲ್ಲರಂತೆ ಆಗಿಬಿಡುತ್ತೇವೆ ಎಂಬುದು ಉತ್ತರದ ತಾತ್ಪರ್ಯ. ಅದರ ಅರ್ಥ ತಮಗೆ ಕೂಡಲೇ ಹೊಳೆಯಲಿಲ್ಲವೆಂದು ಸುಜುಕಿಯವರೇ ಒಪ್ಪಿಕೊಂಡಿದ್ದಾರೆ. ದ್ವೀಪಗಳ ದಕ್ಷಿಣ ಭಾಗವನ್ನು ಉಳಿಸುವ ಒಪ್ಪಂದ 1987ರಲ್ಲಿ ಆಯಿತು. ಅದು ದಾರಿಗೆ ಅಡ್ಡ ನಿಂತು ಸೆರೆಯಾದ ಹೈಡಾ ಜನರ ಗೆಲುವು, ಅದನ್ನು ಚಿತ್ರದ ಲೆಕ್ಕಕ್ಕೆ ಬರೆಯಲಾಗದು. ಪ್ರಸಾರಕನ ಹಿರಿಮೆ ಬೇರೆ ಕಡೆಗಿದೆ: ತನಗೆ ತಿಳಿಯದುದನ್ನು ಲಕ್ಷಾಂತರ ಜನರೆದುರು ಕೇಳಿದನಲ್ಲವೇ!

ನಂತರದ ವರ್ಷಗಳ ಭಾಷಣಗಳಲ್ಲಿ ಕೇಳುವವನು ಹಿಂದೆ ಸರಿದು ಗದರಿಸುವವನು ಮುಂದಾದನು. ಭೂಮಿಯ ಉಷ್ಣ ಏರುತ್ತಿರುವುದು ಸತ್ಯ. ಹೇಳಿದ ವಿಷಯದಲ್ಲಿ ನಮಗೆ ತಕರಾರಿಲ್ಲ. ಆದರೆ ಗದರಿಸಿಕೊಂಡ ಶ್ರೋತೃವು ಪ್ರಶ್ನೆ ಕೇಳುವುದನ್ನು ಬಿಡುತ್ತಾನೆ. ತರಗತಿಯಲ್ಲಿ ನಾವೆಲ್ಲರೂ ಇದನ್ನು ಕಂಡವರೇ.

1997ರ 'ದಿ ಸೇಕ್ರೆಡ್ ಬ್ಯಾಲೆನ್ಸ್' ಗ್ರಂಥದಲ್ಲಿ ಹಳೆಯ ಸುಜುಕಿ ಮರಳಿ ಸಿಕ್ಕುತ್ತಾರೆ. ಗಾಳಿ, ನೀರು, ಮಣ್ಣು, ಬೆಂಕಿಗಳಿಗೆ ಅಲ್ಲಿ ಒಂದೊಂದು ಅಧ್ಯಾಯವಿದೆ. ಆಕಾಶವೊಂದು ಸೇರಿದ್ದರೆ ನಮ್ಮ ಪಂಚಭೂತಗಳೇ ಆಗುತ್ತಿದ್ದವು. ಯಾವುದರೊಡನೆಯೂ ಕೂಡದ ಆರ್ಗಾನ್ ಅನಿಲದ ಪರಮಾಣುಗಳು ಒಬ್ಬರ ಉಸಿರಿನಿಂದ ಹೊರಟು ಲೋಕವೆಲ್ಲ ಸುತ್ತಿ ಇನ್ನೊಬ್ಬರ ಉಸಿರಿಗೆ ಬರುವುದನ್ನು ಅವರು ಲೆಕ್ಕದಂತೆ ವಿವರಿಸುತ್ತಾರೆ. ಬೇಲಿಯಿಲ್ಲದ ಗಾಳಿಯ ಆ ಪುಟಗಳನ್ನು ಮೇಷ್ಟರೊಬ್ಬರು ಕನ್ನಡದಲ್ಲಿ ಹೇಳಿದರೆ ಎಂಟನೆಯ ತರಗತಿಯ ಹುಡುಗನಿಗೂ ತಿಳಿದೀತು.