ಕಡಲಾಚೆ ಕಲಿತ ಕೈ: ‘ಕಟಿಂಗ್ ಫಾರ್ ಸ್ಟೋನ್’ ಕಾದಂಬರಿಯ ವಿಮರ್ಶೆ

ಕಾಳಿದಾಸನ ‘ಮಾಳವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿ ಇಬ್ಬರು ನಾಟ್ಯಾಚಾರ್ಯರೊಳಗೆ ಯಾರು ಹೆಚ್ಚೆಂಬ ವಿವಾದವು ಹುಟ್ಟಿದಾಗ ಪರಿವ್ರಾಜಿಕೆಯು ಒಂದು ಸೂಕ್ಷ್ಮವಾದ ಭೇದವನ್ನು ಎತ್ತಿ ತೋರಿಸುತ್ತಾಳೆ. ಕೆಲವರ ವಿದ್ಯೆಯು ಅವರ ಸ್ವಂತ ಪ್ರಯೋಗದಲ್ಲಿ ಶೋಭಿಸುತ್ತದೆ. ಮತ್ತೆ ಕೆಲವರಲ್ಲಿ ಅದನ್ನು ಶಿಷ್ಯರಿಗೆ ದಾಟಿಸುವ ಶಕ್ತಿಯು ವಿಶೇಷವಾಗಿರುತ್ತದೆ. ಎರಡೂ ಉಳ್ಳವನೇ ಗುರುಗಳಲ್ಲಿ ಅಗ್ರಗಣ್ಯನು ಎಂಬುದು ಆಕೆಯ ಅಭಿಪ್ರಾಯ.

ನಾಟ್ಯವನ್ನು ಕುರಿತ ಈ ಮಾತು ಶಸ್ತ್ರವೈದ್ಯಕ್ಕೂ ಸಲ್ಲುತ್ತದೆ. ಅದೂ ಕೈಯ ವಿದ್ಯೆ. ಗ್ರಂಥವನ್ನು ಓದಿದ ಮಾತ್ರಕ್ಕೆ ವಶವಾಗತಕ್ಕುದಲ್ಲ. ಬಲ್ಲವನ ಬಳಿಯಲ್ಲಿ ನಿಂತು ನೋಡಿ, ಅವನ ಕಣ್ಣೆದುರಿನಲ್ಲಿ ಮಾಡಿ ಕಲಿಯಬೇಕು. ಬಲ್ಲವನು ಕಡಲಾಚೆ ಇದ್ದರೆ ಶಿಷ್ಯನು ಕಡಲನ್ನು ದಾಟಬೇಕಾಗುತ್ತದೆ. ಆಫ್ರಿಕ ಖಂಡದ ಶಸ್ತ್ರವೈದ್ಯರ ಪಾಲಿಗೆ ಇದು ಬಹುಕಾಲದಿಂದ ಬಂದ ಸಂಕಟ. ಹೋದವನು ಮರಳುವನೇ? ಮರಳಿದರೆ ಅಲ್ಲಿ ಕಲಿತುದು ಇಲ್ಲಿ ನಡೆಯುವುದೇ? ತಾನು ಪಡೆದುದನ್ನು ಮತ್ತೊಬ್ಬನಿಗೆ ದಾಟಿಸಬಲ್ಲನೇ? ಈ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಅಬ್ರಹಾಂ ವರ್ಗೀಸರು ಇಂಗ್ಲಿಷಿನಲ್ಲಿ ಬರೆದು ೨೦೦೯ರಲ್ಲಿ ಪ್ರಕಟಿಸಿದ ‘ಕಟಿಂಗ್ ಫಾರ್ ಸ್ಟೋನ್’ ಎಂಬ ಕಾದಂಬರಿಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಗ್ರಂಥವು ಹೊರಬಂದಂದಿನಿಂದ ಬಹುಜನಪ್ರಿಯವಾಗಿದೆ. ಆದರೆ ಅದರಲ್ಲಿನ ವಿದ್ಯಾವಿಚಾರವು ಅದರ ಕಥಾಸ್ವಾರಸ್ಯದ ಮರೆಯಲ್ಲಿ ನಿಂತುಬಿಟ್ಟಿದೆಯೆಂದು ನಮಗೆ ತೋರುತ್ತದೆ.

ಗ್ರಂಥಕರ್ತರು ೧೯೫೫ರಲ್ಲಿ ಇಥಿಯೋಪಿಯದ ಆಡಿಸ್ ಅಬಾಬದಲ್ಲಿ, ಕೇರಳದಿಂದ ಅಲ್ಲಿಗೆ ಹೋಗಿ ಉಪಾಧ್ಯಾಯರಾಗಿದ್ದ ದಂಪತಿಗಳಿಗೆ ಜನಿಸಿದವರು. ೧೯೭೪ರ ಕ್ರಾಂತಿಯಲ್ಲಿ ಹೈಲೆ ಸೆಲಾಸಿ ಚಕ್ರವರ್ತಿಯು ಪದಚ್ಯುತನಾದ ಮೇಲೆ ಅವರ ವೈದ್ಯವ್ಯಾಸಂಗವು ನಡುವೆ ನಿಂತು, ಮುಂದೆ ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಪೂರ್ತಿಯಾಯಿತು. ಅನಂತರ ಅವರು ಅಮೆರಿಕದಲ್ಲಿ ನೆಲಸಿದರು. ಅವರು ಶಸ್ತ್ರವೈದ್ಯರಲ್ಲ, ಕಾಯಚಿಕಿತ್ಸಕರು. ಆದರೂ ಶಸ್ತ್ರಶಾಲೆಯ ವರ್ಣನೆಯಲ್ಲಿ ಅವರಿಗಿರುವ ಶ್ರದ್ಧೆಯು ಅಸಾಧಾರಣವಾದುದು.

ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ಆಡಿಸ್ ಅಬಾಬದ ಒಂದು ಮಿಷನ್ ಆಸ್ಪತ್ರೆಗೆ ಜನರ ಉಚ್ಚಾರಣೆಯಲ್ಲಿ ‘ಮಿಸ್ಸಿಂಗ್’ ಎಂಬ ಹೆಸರು ಬಂದಿದೆ. ‘ಕಾಣೆಯಾದುದು’ ಎಂಬ ಆ ಅರ್ಥವು ಇಡೀ ಕಥೆಯ ಮೇಲೆ ನೆರಳಿನಂತೆ ಹಬ್ಬಿದೆ. ಅಲ್ಲಿ ೧೯೫೪ರಲ್ಲಿ ಕೇರಳದ ಸನ್ಯಾಸಿನಿಯೊಬ್ಬಳು ಅವಳಿ ಮಕ್ಕಳನ್ನು ಹೆತ್ತು ಸಾಯುತ್ತಾಳೆ. ತಂದೆಯಾದ ಶಸ್ತ್ರವೈದ್ಯ ಥಾಮಸ್ ಸ್ಟೋನನು ಓಡಿಹೋಗುತ್ತಾನೆ. ಮಕ್ಕಳಾದ ಮ್ಯಾರಿಯನ್ ಮತ್ತು ಶಿವ ಇವರನ್ನು ಹೇಮಾ, ಘೋಷ್ ಎಂಬ ಇಬ್ಬರು ಭಾರತೀಯ ವೈದ್ಯರು ಸಾಕುತ್ತಾರೆ. ಮ್ಯಾರಿಯನ್ನನು ವೈದ್ಯನಾಗುತ್ತಾನೆ, ೧೯೭೯ರಲ್ಲಿ ರಾಜಕೀಯ ಸಂಶಯಕ್ಕೆ ಗುರಿಯಾಗಿ ದೇಶವನ್ನು ಬಿಟ್ಟು ನ್ಯೂಯಾರ್ಕಿಗೆ ಸೇರಿ ಶಸ್ತ್ರವೈದ್ಯದಲ್ಲಿ ತರಬೇತಿ ಪಡೆಯುತ್ತಾನೆ. ಶಿವನು ಮನೆಯಲ್ಲಿಯೇ ಉಳಿಯುತ್ತಾನೆ. ಮ್ಯಾರಿಯನ್ನನ ಯಕೃತ್ತು ರೋಗದಿಂದ ನಾಶವಾಗಲು ಶಿವನು ಬಂದು ತನ್ನ ಯಕೃತ್ತಿನ ಭಾಗವನ್ನು ಕೊಟ್ಟು, ಆಮೇಲೆ ತಾನೇ ಮೃತನಾಗುತ್ತಾನೆ. ಬದುಕಿದವನು ಮಿಸ್ಸಿಂಗ್ ಆಸ್ಪತ್ರೆಗೆ ಹಿಂದಿರುಗುತ್ತಾನೆ.

ಈ ಗ್ರಂಥದ ಮೊದಲನೆಯ ಗುಣವು ವಿದ್ಯೆಯು ಒಬ್ಬರಿಂದ ಒಬ್ಬರಿಗೆ ಹರಿಯುವ ಬಗೆಯನ್ನು ಅದು ಪ್ರತ್ಯಕ್ಷವಾಗಿ ತೋರಿಸುವುದು. ಘೋಷನು ಕಾಯಚಿಕಿತ್ಸಕ, ಸ್ಟೋನನು ಮಾಯವಾದ ಮೇಲೆ ಬೇರೆ ದಾರಿಯಿಲ್ಲದೆ ಶಸ್ತ್ರವನ್ನು ಹಿಡಿಯುತ್ತಾನೆ. ಅಗತ್ಯವೇ ಅವನಿಗೆ ಗುರು. ಅವನು ಬಾಲಕನಾದ ಮ್ಯಾರಿಯನ್ನನ ಬೆರಳನ್ನು ರೋಗಿಯ ನಾಡಿಯ ಮೇಲಿಡಿಸಿ ಕಲಿಸುವ ಸಂದರ್ಭಗಳಲ್ಲಿ ಗ್ರಂಥಕರ್ತರ ಶೈಲಿಯು ತನ್ನ ಆಡಂಬರವನ್ನು ತಾನೇ ಮರೆಯುತ್ತದೆ. ಓದುವವನಿಗೆ ಇಲ್ಲಿ ಉಪದೇಶವು ಕೇಳಿಸುವುದಿಲ್ಲ. ಕೈ ಕೈಯನ್ನು ಮುಟ್ಟಿದುದು ಮಾತ್ರ ಕಾಣುತ್ತದೆ.

ಎರಡನೆಯ ಗುಣವು ನ್ಯೂಯಾರ್ಕಿನ ಭಾಗದಲ್ಲಿದೆ. ಮ್ಯಾರಿಯನ್ನನು ಸೇರುವ ಬ್ರಾಂಕ್ಸ್ ಭಾಗದ ಆಸ್ಪತ್ರೆಯು ಬಡವರದು. ಅಲ್ಲಿ ದುಡಿಯುವ ಕಿರಿಯ ವೈದ್ಯರು ಪರದೇಶಗಳಿಂದ, ಅದರಲ್ಲಿಯೂ ಭಾರತದಿಂದ ಬಂದವರು. ಸ್ವದೇಶದಲ್ಲಿ ಕಲಿತ ಅಮೆರಿಕದವರು ಹೋಗುವುದು ಸಿರಿವಂತ ಆಸ್ಪತ್ರೆಗಳಿಗೆ. ಆ ಸಿರಿವಂತ ಆಸ್ಪತ್ರೆಯ ಹೆಲಿಕಾಪ್ಟರ್ ಬಡವರ ಆಸ್ಪತ್ರೆಯ ಮಾಳಿಗೆಯ ಮೇಲಿಳಿದು, ಸತ್ತವರ ಅವಯವಗಳನ್ನು ಕೊಂಡೊಯ್ಯುತ್ತದೆ. ಪರದೇಶದ ತರಬೇತಿಯೆಂದರೆ ಬಡನಾಡು ಸಿರಿನಾಡಿನಿಂದ ಪಡೆಯುವ ದಾನವೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ದಾನವು ಎದುರು ದಿಕ್ಕಿನಲ್ಲಿಯೂ ನಡೆಯುತ್ತದೆಯೆಂಬುದನ್ನು, ಕಲಿಯಲು ಬಂದವನ ದುಡಿಮೆಯಿಂದಲೇ ಕಲಿಸುವ ನಾಡಿನ ಬಡವರಿಗೆ ಚಿಕಿತ್ಸೆ ದೊರೆಯುತ್ತದೆಯೆಂಬುದನ್ನು ಈ ಒಂದು ಚಿತ್ರವು ಯಾವ ವಾದಕ್ಕಿಂತಲೂ ಸ್ಪಷ್ಟವಾಗಿ ಮನಸ್ಸಿಗೆ ತರುತ್ತದೆ.

ಮೂರನೆಯದಾಗಿ ಶಿವನ ಪಾತ್ರ. ಅವನು ಯಾವ ಕಾಲೇಜಿಗೂ ಹೋದವನಲ್ಲ. ಹೆರಿಗೆಯ ಕಷ್ಟದಿಂದ ಮೂತ್ರಾಶಯಕ್ಕೆ ರಂಧ್ರಬಿದ್ದು, ಮನೆಯಿಂದಲೂ ಊರಿನಿಂದಲೂ ದೂರವಾದ ಸ್ತ್ರೀಯರ ಫಿಸ್ಟುಲಾ ವ್ಯಾಧಿಯನ್ನು ವಾಸಿಮಾಡುವ ಶಸ್ತ್ರಕ್ರಿಯೆಯನ್ನು ಹೇಮೆಯ ಪಕ್ಕದಲ್ಲಿ ನಿಂತು ಕಲಿತು, ಲೋಕಖ್ಯಾತನಾಗುತ್ತಾನೆ. ಇದು ಅತಿಶಯೋಕ್ತಿಯೆಂದು ಕೆಲವರಿಗೆ ತೋರಬಹುದು. ಹಾಗೆ ತಿಳಿಯಬೇಕಾಗಿಲ್ಲ. ೧೯೫೯ರಲ್ಲಿ ಇಥಿಯೋಪಿಯಕ್ಕೆ ಬಂದ ಕ್ಯಾಥರೀನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ದಂಪತಿಗಳು ೧೯೭೪ರಲ್ಲಿ ಆಡಿಸ್ ಅಬಾಬದಲ್ಲಿ ಫಿಸ್ಟುಲಾ ಆಸ್ಪತ್ರೆಯನ್ನು ಸ್ಥಾಪಿಸಿದರು. ಅವರ ಬಳಿಗೆ ರೋಗಿಯಾಗಿ ಬಂದ ಮಾಮಿಟು ಗಾಶೆ ಎಂಬ ಹಳ್ಳಿಯ ಹೆಣ್ಣುಮಗಳು ಅಕ್ಷರವನ್ನರಿಯದವಳಾಗಿದ್ದರೂ ಅವರ ಶಸ್ತ್ರಶಾಲೆಯಲ್ಲಿ ಕೈಗೆಲಸವನ್ನು ನೋಡಿ ಕಲಿತು, ಆ ಶಸ್ತ್ರಕ್ರಿಯೆಯಲ್ಲಿ ನಿಪುಣಳಾಗಿ, ಪದವೀಧರರಿಗೂ ಅದನ್ನು ಕಲಿಸಿದಳು. ಗುರುವೇ ಕಡಲನ್ನು ದಾಟಿ ಬಂದು ನೆಲೆನಿಂತರೆ ಏನಾಗಬಹುದೆಂಬುದಕ್ಕೆ ಇದು ಸಾಕ್ಷಿ. ಪರಿವ್ರಾಜಿಕೆಯು ಹೇಳಿದ ಎರಡು ಗುಣಗಳೂ ಇಲ್ಲಿ ಗುರುವಿನಿಂದ ಶಿಷ್ಯೆಗೆ ಇಳಿದಿವೆ.

ಇನ್ನು ದೋಷವಿಚಾರ. ಮ್ಯಾರಿಯನ್ನನು ಪರದೇಶಕ್ಕೆ ಹೋಗುವುದು ವಿದ್ಯೆಯನ್ನರಸಿ ಅಲ್ಲ, ಪ್ರಾಣಭಯದಿಂದ. ಅವನು ಮರಳುವುದು ಕರ್ತವ್ಯವನ್ನು ತೂಗಿನೋಡಿ ಅಲ್ಲ, ತಮ್ಮನ ಸಾವಿನ ಋಣದಿಂದ. ಹೋಗುವಿಕೆಯನ್ನೂ ಬರುವಿಕೆಯನ್ನೂ ಕರ್ತರು ದೈವಕ್ಕೆ ಒಪ್ಪಿಸಿಬಿಟ್ಟಿದ್ದಾರೆ. ಇದರಿಂದ ಕಥೆಗೆ ವೇಗವೂ ಕರುಣರಸವೂ ಒದಗಿವೆ, ನಿಜ. ಆದರೆ ಆಫ್ರಿಕದ ಶಸ್ತ್ರವೈದ್ಯನು ನಿಜವಾಗಿ ಎದುರಿಸುವ ಧರ್ಮಸಂಕಟವು ಆಯ್ಕೆಯ ಸಂಕಟ. ಅಲ್ಲಿಯೇ ಉಳಿಯುವ ಅನುಕೂಲವಿದ್ದು, ಉಳಿಯುವುದಕ್ಕೆ ಸಕಾರಣವೂ ಇದ್ದು, ಆದರೂ ಹಿಂದಿರುಗಬೇಕೇ ಎಂಬ ಪ್ರಶ್ನೆ ಅವನ ಎದುರಿಗೆ ನಿಲ್ಲುತ್ತದೆ. ಆ ಪ್ರಶ್ನೆಯನ್ನು ನಾಯಕನು ಕೇಳಿಕೊಳ್ಳಬೇಕಾದ ಘಳಿಗೆಯಲ್ಲಿ ಕಾದಂಬರಿಯು ಒಂದು ಮರಣವನ್ನು ತಂದು ಅವನನ್ನು ಬಿಡುಗಡೆಮಾಡುತ್ತದೆ.

ಆ ಮರಣವು ಯಾರದೆಂಬುದನ್ನು ನೋಡಿದರೆ ಆಕ್ಷೇಪವು ಇನ್ನೂ ಗಟ್ಟಿಯಾಗುತ್ತದೆ. ಪರದೇಶದಲ್ಲಿ ಕಲಿತವನು ಉಳಿಯಬೇಕೆಂದು ಮನೆಯಲ್ಲಿ ಕಲಿತವನು ಸಾಯುತ್ತಾನೆ. ಆಡಿಸ್ ಅಬಾಬದ ಸ್ತ್ರೀಯರಿಗೆ ಆ ಇಬ್ಬರಲ್ಲಿ ಯಾರು ಹೆಚ್ಚು ಬೇಕಾದವನು? ಗ್ರಂಥವು ಈ ಪ್ರಶ್ನೆಯನ್ನು ಎತ್ತುವ ಸ್ಥಿತಿಗೆ ಬಂದು, ಅನಂತರ ತನ್ನ ದೃಷ್ಟಿಯನ್ನು ತಾಯಿಯು ಬರೆದ ಒಂದು ಕಾಗದದ ಕಡೆಗೂ ತಂದೆ ಮಕ್ಕಳ ಸಮಾಧಾನದ ಕಡೆಗೂ ತಿರುಗಿಸಿಬಿಡುತ್ತದೆ. ಕುಟುಂಬದ ಗಾಯವು ಮಾಯುತ್ತದೆ. ಆಸ್ಪತ್ರೆಯ ಪ್ರಶ್ನೆಯು ಹಾಗೆಯೇ ನಿಲ್ಲುತ್ತದೆ. ಮರಳಿದವನ ಮೊದಲ ವರ್ಷಗಳು ಹೇಗೆ ಕಳೆದುವು, ನ್ಯೂಯಾರ್ಕಿನ ಅಭ್ಯಾಸಗಳಲ್ಲಿ ಯಾವುವು ಮಿಸ್ಸಿಂಗಿನಲ್ಲಿ ನಡೆದುವು, ಯಾವುವು ನಡೆಯಲಿಲ್ಲ ಎಂಬುದೇ ಇನ್ನೊಂದು ಕಾದಂಬರಿಗೆ ಸಾಕಾಗುವಷ್ಟು ವಸ್ತು; ಕರ್ತರು ಅದನ್ನು ಬೇಗನೆ ದಾಟಿಬಿಡುತ್ತಾರೆ.

ಈ ಆಕ್ಷೇಪವು ಬರಿಯ ಕಾವ್ಯನ್ಯಾಯದ ಮಾತಲ್ಲ. ಕಾದಂಬರಿಯಲ್ಲಿನ ಶಸ್ತ್ರವೈದ್ಯವು ತೆರೆದ ಹೊಟ್ಟೆಯ, ಒಳಗೆ ಇಳಿದ ಕೈಯ ವೈದ್ಯ. ಅಂಥ ವಿದ್ಯೆಯನ್ನು ಕಲಿತವನು ಬಹುಮಟ್ಟಿಗೆ ತನ್ನ ಹತ್ತು ಬೆರಳುಗಳಲ್ಲಿಯೇ ಅದನ್ನು ತುಂಬಿಕೊಂಡು ಬರಬಲ್ಲನು. ಮ್ಯಾರಿಯನ್ನನು ನ್ಯೂಯಾರ್ಕಿನಲ್ಲಿ ಕಲಿಯುತ್ತಿದ್ದ ಅದೇ ವರ್ಷಗಳಲ್ಲಿ ಜರ್ಮನಿಯಲ್ಲಿ ಬೇರೊಂದು ಪದ್ಧತಿಯು ತಲೆಯೆತ್ತುತ್ತಿತ್ತು. ಕುರ್ಟ್ ಸೆಮ್ ಎಂಬವರು ೧೯೮೦ರಲ್ಲಿ ಅಪೆಂಡಿಕ್ಸನ್ನೂ, ಎರಿಕ್ ಮ್ಯೂಹೆ ಎಂಬವರು ೧೯೮೫ರಲ್ಲಿ ಪಿತ್ತಕೋಶವನ್ನೂ ಹೊಟ್ಟೆಯನ್ನು ಅಗಲವಾಗಿ ಸೀಳದೆ ಸಣ್ಣ ರಂಧ್ರಗಳ ಮೂಲಕ ತೆಗೆದರು. ಇದೇ ಇಂದು ಲ್ಯಾಪರೋಸ್ಕೋಪಿ ಎಂದು ಜನಜನಿತವಾಗಿರುವುದು. ಹೊಟ್ಟೆಯೊಳಕ್ಕೆ ಇಂಗಾಲಾಮ್ಲ ವಾಯುವನ್ನು ತುಂಬಿ ಅವಕಾಶಮಾಡಿ, ಒಂದು ರಂಧ್ರದಲ್ಲಿ ದೀಪಸಹಿತವಾದ ಮಸೂರನಳಿಗೆಯನ್ನೂ ಮಿಕ್ಕವುಗಳಲ್ಲಿ ನೀಳವಾದ ಉಪಕರಣಗಳನ್ನೂ ಇಳಿಸಿ, ವೈದ್ಯನು ಪರದೆಯನ್ನು ನೋಡುತ್ತ ಕೆಲಸಮಾಡುತ್ತಾನೆ. ಕೈಯನ್ನು ಬಲಕ್ಕೆ ಸರಿಸಿದರೆ ಉಪಕರಣದ ತುದಿಯು ಎಡಕ್ಕೆ ಸರಿಯುತ್ತದೆ. ಸಾಮಾನ್ಯ ಪರದೆಯಲ್ಲಿ ಆಳವು ತಿಳಿಯದು. ಬೆರಳಿನ ಸ್ಪರ್ಶವಂತೂ ಇಲ್ಲವೇ ಇಲ್ಲ. ನುರಿತ ಶಸ್ತ್ರವೈದ್ಯನೂ ಇಲ್ಲಿ ಮತ್ತೆ ಶಿಷ್ಯನಾಗಬೇಕು.

ಇದು ಸಿರಿವಂತರ ಸೊಗಸೆಂದು ತಳ್ಳಿಹಾಕುವಂತಿಲ್ಲ. ಗಾಯವು ಸಣ್ಣದಾದಷ್ಟೂ ಕೀವಾಗುವ ಭಯವು ಕಡಮೆ. ರೋಗಿಯು ಬೇಗನೆ ಎದ್ದು ತನ್ನ ಹೊಲಕ್ಕೋ ಕೂಲಿಗೋ ಹೋಗಬಲ್ಲನು. ದುಡಿಮೆಯೇ ಆಸ್ತಿಯಾದವನಿಗೆ ಇದರ ಬೆಲೆಯು ಹೆಚ್ಚು. ಮುಂಬಯಿಯಲ್ಲಿ ೧೯೯೦ರಲ್ಲಿ ಈ ಕ್ರಮದಿಂದ ಪಿತ್ತಕೋಶದ ಶಸ್ತ್ರಕ್ರಿಯೆಯನ್ನು ನಡೆಸಿದ ಟೆಹೆಮ್ಟನ್ ಉದ್ವಾಡಿಯಾ ಅವರು ಬಡದೇಶಗಳಿಗೂ ಈ ವಿದ್ಯೆಯು ಸಲ್ಲಬೇಕೆಂದು ಪ್ರತಿಪಾದಿಸಿದರು. ಆದರೆ ಈ ವಿದ್ಯೆಯ ಅರ್ಧವು ಮಾತ್ರ ಕಲಿತವನ ಕೈಯಲ್ಲಿರುತ್ತದೆ. ಉಳಿದರ್ಧವು ತಡೆಯಿಲ್ಲದ ವಿದ್ಯುತ್ತು, ವಾಯುವಿನ ಸಿಲಿಂಡರು, ಕೆಟ್ಟ ಮಸೂರವನ್ನು ಸರಿಪಡಿಸುವ ಕುಶಲಕರ್ಮಿ, ಪಕ್ಕದಲ್ಲಿ ನಿಲ್ಲುವ ದಾದಿ ಮತ್ತು ಅರಿವಳಿಕೆಯ ವೈದ್ಯ ಇವರಲ್ಲಿ ಹಂಚಿಹೋಗಿದೆ. ಒಬ್ಬನನ್ನೇ ಕರೆದೊಯ್ದು ಕೆಲವು ವಾರಗಳು ಕಲಿಸಿ ಪ್ರಶಸ್ತಿಪತ್ರದೊಡನೆ ಕಳುಹಿಸಿಕೊಟ್ಟರೆ ಅವನು ಅರ್ಧವಿದ್ಯೆಯೊಡನೆ ಮನೆ ಸೇರುತ್ತಾನೆ, ತಪ್ಪು ಅವನದಲ್ಲ.

ಆದ್ದರಿಂದಲೇ ಈಚಿನ ಪ್ರಯತ್ನಗಳು ಕಲಿಕೆಯನ್ನು ಶಿಷ್ಯನ ನೆಲಕ್ಕೆ ತರುವ ಕಡೆಗೆ ತಿರುಗಿವೆ. ೧೯೯೯ರಲ್ಲಿ ಹುಟ್ಟಿದ ಪೂರ್ವ, ಮಧ್ಯ ಮತ್ತು ದಕ್ಷಿಣ ಆಫ್ರಿಕದ ಶಸ್ತ್ರವೈದ್ಯರ ಕಾಲೇಜಿಗೆ ಗೋಡೆಗಳಿಲ್ಲ. ಶಿಷ್ಯರು ತಮ್ಮ ತಮ್ಮ ಪ್ರಾಂತದ ಆಸ್ಪತ್ರೆಗಳಲ್ಲಿದ್ದು ಕಲಿಯುತ್ತಾರೆ. ಅದರ ಪದವೀಧರರಲ್ಲಿ ಬಹುಪಾಲು ಜನರು ಆಫ್ರಿಕದಲ್ಲಿಯೇ ಉಳಿದಿರುವರೆಂದು ೨೦೧೭ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ತೋರಿಸಿತು. ಬೋಟ್ಸ್ವಾನದ ಶಸ್ತ್ರವೈದ್ಯರಿಗೆ ಕೆನಡದ ಟೊರಾಂಟೋ ನಗರದ ಗುರುಗಳು ದೂರದರ್ಶಕ ಸಂಪರ್ಕದ ಮೂಲಕ, ಅಭ್ಯಾಸಪೆಟ್ಟಿಗೆಯ ಮೇಲೆ, ಲ್ಯಾಪರೋಸ್ಕೋಪಿಯ ಮೂಲಪಾಠಗಳನ್ನು ಕಲಿಸಿದ ವೃತ್ತಾಂತವು ೨೦೧೦ರಲ್ಲಿ ಪ್ರಕಟವಾಯಿತು. ಆ ಪೆಟ್ಟಿಗೆಯೊಳಗೆ ಗುಂಡುಗಳನ್ನು ಸ್ಥಳಾಂತರಿಸುವುದು, ಬಟ್ಟೆಯ ಮೇಲೆ ಬರೆದ ವೃತ್ತವನ್ನು ಕತ್ತರಿಸುವುದು, ಕುಣಿಕೆ ಬಿಗಿಯುವುದು, ಎರಡು ಬಗೆಯಲ್ಲಿ ಹೊಲಿಯುವುದು ಎಂಬ ಐದು ಅಭ್ಯಾಸಗಳಿರುತ್ತವೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಯೋಗ್ಯಾಸೂತ್ರೀಯಾಧ್ಯಾಯವನ್ನು ಬಲ್ಲವರಿಗೆ ಇದು ಹೊಸದಾಗಿ ಕಾಣದು. ಸೋರೆ, ಸೌತೆಗಳ ಮೇಲೆ ಛೇದನವನ್ನೂ, ಬಟ್ಟೆ ಮತ್ತು ಮೃದುಚರ್ಮದ ಮೇಲೆ ಸೀವನವನ್ನೂ ಅಭ್ಯಾಸಮಾಡಿಸಬೇಕೆಂದು ಅಲ್ಲಿ ವಿಧಿಸಿದೆ. ಓದಿಯೂ ಕೈಪಳಗಿಸಿಕೊಳ್ಳದವನು ಕರ್ಮಕ್ಕೆ ಅನರ್ಹನೆಂಬ ತತ್ತ್ವವು ಎರಡು ಕಡೆಯಲ್ಲಿಯೂ ಒಂದೇ.

ಜಗತ್ತಿನಲ್ಲಿ ಐನೂರು ಕೋಟಿ ಜನರಿಗೆ ಸುರಕ್ಷಿತವೂ ಕೈಗೆಟಕುವುದೂ ಆದ ಶಸ್ತ್ರಚಿಕಿತ್ಸೆಯು ದೊರೆಯುತ್ತಿಲ್ಲವೆಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗವು ೨೦೧೫ರಲ್ಲಿ ಸಾರಿತು. ಇಂಥ ಕೊರತೆಯ ಮುಂದೆ ‘ತರಬೇತಾದವರು’ ಎಂಬ ಒಂದು ಮಾತನ್ನು ನಾವು ಎಷ್ಟು ಎಚ್ಚರದಿಂದ ಬಳಸಬೇಕೆಂಬುದು ಸಾಹಿತ್ಯವಿಮರ್ಶಕನಿಗೂ ಸಂಬಂಧಪಟ್ಟ ವಿಷಯ. ವರದಿಗಳು ಹೋಗಿಬಂದವರನ್ನು ಎಣಿಸುತ್ತವೆ. ಹೋಗಿಬಂದವನು ಮೂರನೆಯ ವರ್ಷದಲ್ಲಿ ಏನು ಮಾಡುತ್ತಿದ್ದಾನೆ, ಅವನ ಬಳಿ ಯಾರು ಕಲಿಯುತ್ತಿದ್ದಾರೆ ಎಂಬುದನ್ನು ಹೇಳಬಲ್ಲುದು ಕಥೆ. ವರ್ಗೀಸರ ಗ್ರಂಥವು ಈ ಕಾರ್ಯದ ಮೊದಲರ್ಧವನ್ನು ಬಹು ಸೊಗಸಾಗಿ ಮಾಡಿದೆ. ಗುರುವಿನ ಕೈ ಹೇಗೆ ಶಿಷ್ಯನ ಕೈಯಾಗುತ್ತದೆಂಬುದನ್ನು ಇದರಷ್ಟು ಪ್ರೀತಿಯಿಂದ ತೋರಿಸಿದ ಕಾದಂಬರಿಗಳು ವಿರಳ. ಎರಡನೆಯ ಅರ್ಧವನ್ನು, ಎಂದರೆ ಮರಳಿದ ಕೈ ಮನೆಯಲ್ಲಿ ಹೇಗೆ ಗುರುವಾಗುತ್ತದೆಂಬುದನ್ನು, ಅದು ಬರೆಯದೆ ಬಿಟ್ಟಿದೆ.

ತರಗತಿಯಲ್ಲಿ ಈ ಗ್ರಂಥವನ್ನು ಪಾಠಹೇಳುವ ಉಪಾಧ್ಯಾಯರು ಅವಳಿಗಳ ವಾತ್ಸಲ್ಯಕಥೆಯೊಡನೆ ಈ ಎರಡನೆಯ ಅರ್ಧದ ಅಭಾವವನ್ನೂ ವಿದ್ಯಾರ್ಥಿಗಳ ಗಮನಕ್ಕೆ ತರುವುದು ಉಚಿತ. ಶಿವನ ಸಾವಿಗೆ ಮರುಗುವುದು ಸಹಜವೇ. ಅವನ ಬಳಿ ಕಲಿಯಬೇಕಾಗಿದ್ದವರಿಗೆ ಇನ್ನು ಕಲಿಸುವವರು ಯಾರೆಂದು ಕೇಳುವ ಓದುಗನು ಈ ಕಾದಂಬರಿಯನ್ನು ಅದರ ಕರ್ತರು ಬಿಟ್ಟ ಸ್ಥಳದಿಂದ ಮುಂದಕ್ಕೆ ಓದಿದಂತಾಗುತ್ತದೆ.