ನೆಲ ನಿಜಕ್ಕೂ ಡೊಂಕಾಗಿತ್ತಾ? ಎ380 ವಿಮಾನದ ಕಥೆಗೊಂದು ತಕರಾರು

ನೀವು ದುಬೈನಲ್ಲೋ, ಸಿಂಗಾಪುರದಲ್ಲೋ, ಲಂಡನ್ನಿನಲ್ಲೋ ಇದ್ದರೆ ಎ380 ವಿಮಾನವನ್ನು ಒಂದು ಸಲವಾದರೂ ನೋಡಿರುತ್ತೀರಿ. ಎರಡು ಮಹಡಿಯ ಆ ದೊಡ್ಡ ವಿಮಾನವನ್ನು 2022ರಲ್ಲಿ ಎಮಿರೇಟ್ಸ್ ಬೆಂಗಳೂರಿಗೂ ತಂದಿತು. ಊರಿಗೆ ಹೋಗುವಾಗ ಅದರಲ್ಲೇ ಕೂತು ಹೋಗಿರಲೂಬಹುದು.

ಎಂಜಿನಿಯರಿಂಗ್ ಓದುತ್ತಿರುವವರಿಗೆ, ಓದಿ ಕೆಲಸದಲ್ಲಿರುವವರಿಗೆ ಈ ವಿಮಾನದ ಇನ್ನೊಂದು ಕಥೆ ಗೊತ್ತಿರುತ್ತದೆ. ಡಿಜಿಟಲ್ ತಂತ್ರಜ್ಞಾನದ ಬಗ್ಗೆ ಭಾಷಣ ಮಾಡುವವರು ಅದನ್ನು ಮತ್ತೆಮತ್ತೆ ಹೇಳುತ್ತಾರೆ. ಜರ್ಮನಿಯವರು ಹಳೇ ಸಾಫ್ಟ್‌ವೇರ್ ಬಳಸಿದರು, ಫ್ರಾನ್ಸಿನವರು ಹೊಸದು ಬಳಸಿದರು, ವೈರುಗಳು ಗಿಡ್ಡವಾದವು, ವಿಮಾನ ಎರಡು ವರ್ಷ ತಡವಾಯಿತು. ಆದ್ದರಿಂದ ಎಲ್ಲರೂ ಒಂದೇ ಸಾಫ್ಟ್‌ವೇರ್ ಬಳಸಿ, ಎಲ್ಲಾ ಸರಿಹೋಗುತ್ತದೆ! ಕಥೆ ಸುಳ್ಳಲ್ಲ. ಅದರಿಂದ ತೆಗೆಯುವ ಪಾಠದ ಬಗ್ಗೆ ನನ್ನ ತಕರಾರು.

ಮೊದಲು ನಡೆದದ್ದೇನು ನೋಡೋಣ. ಎ380ಯ ರೆಕ್ಕೆ ವೇಲ್ಸ್‌ನಲ್ಲಿ, ಒಡಲಿನ ದೊಡ್ಡ ಭಾಗಗಳು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತಯಾರಾಗುತ್ತಿದ್ದವು. ಎಲ್ಲವನ್ನೂ ಜೋಡಿಸುವುದು ಫ್ರಾನ್ಸಿನ ಟುಲೂಸ್‌ನಲ್ಲಿ. ಒಂದು ವಿಮಾನದೊಳಗೆ ಸುಮಾರು 500 ಕಿಲೋಮೀಟರ್ ವೈರ್. ತೂಕ ಉಳಿಸಲು ಅನೇಕ ಕಡೆ ತಾಮ್ರದ ಬದಲು ಅಲ್ಯೂಮಿನಿಯಂ ಹಾಕಿದ್ದರು, ಅದನ್ನು ತಾಮ್ರದಷ್ಟು ಬಿಗಿಯಾಗಿ ಬಗ್ಗಿಸಲು ಆಗುವುದಿಲ್ಲ. ಸಾಲದ್ದಕ್ಕೆ ಪ್ರತಿ ಏರ್‌ಲೈನ್ಸ್ ತನಗೆ ಬೇಕಾದ ಹಾಗೆ ಸೀಟು, ಟಿವಿ, ದೀಪ ಕೇಳುತ್ತಿತ್ತು. ಅದು ಬದಲಾದಾಗಲೆಲ್ಲ ವೈರಿಂಗ್ ಕೂಡ ಬದಲು.

ಹ್ಯಾಂಬರ್ಗ್‌ನವರು ಕ್ಯಾಟಿಯಾ ಎಂಬ ಡಿಸೈನ್ ಸಾಫ್ಟ್‌ವೇರಿನ ನಾಲ್ಕನೇ ಆವೃತ್ತಿ ಬಳಸುತ್ತಿದ್ದರು, ಟುಲೂಸ್‌ನವರು ಐದನೆಯದು. ಹೆಸರು ಒಂದೇ, ಆದರೆ ಐದನೆಯದನ್ನು ಬುಡದಿಂದ ಹೊಸದಾಗಿ ಬರೆದಿದ್ದರು. ಒಂದರಲ್ಲಿ ಮಾಡಿದ ಮಾಡೆಲ್ ಇನ್ನೊಂದರಲ್ಲಿ ಪೂರ್ತಿಯಾಗಿ ತೆರೆಯುತ್ತಿರಲಿಲ್ಲ. ಹ್ಯಾಂಬರ್ಗ್‌ನಿಂದ ಬಂದ ವೈರಿನ ಕಟ್ಟುಗಳನ್ನು ಟುಲೂಸ್‌ನಲ್ಲಿ ಜೋಡಿಸಲು ಹೋದರೆ ಉದ್ದ ಸಾಲಲಿಲ್ಲ. ಜರ್ಮನಿಯಿಂದ ನೂರಾರು ಕೆಲಸಗಾರರು ಟುಲೂಸ್‌ಗೆ ಬಂದು, ಮೊದಲ ಕೆಲವು ವಿಮಾನಗಳ ವೈರುಗಳನ್ನು ಕೈಯಲ್ಲೇ ಸರಿಮಾಡಬೇಕಾಯಿತು.

ನಮ್ಮಲ್ಲೊಂದು ಗಾದೆ ಇದೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡೊಂಕು ಅಂದರೆ ಸೊಟ್ಟ. ತನಗೆ ಕುಣಿಯೋಕೆ ಬರದೇ ಇದ್ದಾಗ ತಪ್ಪನ್ನು ನೆಲದ ಮೇಲೆ ಹಾಕುವುದು. ಎ380 ವಿಷಯದಲ್ಲಿ ನೆಲ ಸ್ವಲ್ಪ ಡೊಂಕಾಗಿತ್ತು, ಒಪ್ಪೋಣ. ಆದರೆ ನೆಲ ಡೊಂಕು ಅಂತ ಗೊತ್ತಿದ್ದೂ ಅದರ ಮೇಲೆ ಕುಣಿಯಲು ಹೊರಟವರು ಯಾರು?

ಇದನ್ನು ಪರೀಕ್ಷಿಸಲು ಇನ್ನೆರಡು ವಿಮಾನಗಳನ್ನು ಪಕ್ಕದಲ್ಲಿಟ್ಟು ನೋಡಿ. ಬೋಯಿಂಗ್ 777 ಮೊದಲು ಹಾರಿದ್ದು 1994ರಲ್ಲಿ. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ಡಿಸೈನ್ ಆದ ಮೊದಲ ಪ್ರಯಾಣಿಕ ಜೆಟ್ ಅದು. ಬಳಸಿದ್ದು ಕ್ಯಾಟಿಯಾವನ್ನೇ, ಅದೂ ಹ್ಯಾಂಬರ್ಗ್‌ನಲ್ಲಿದ್ದದ್ದಕ್ಕಿಂತ ಹಳೇ ಆವೃತ್ತಿ. 1995ರಲ್ಲಿ ಅದು ಪ್ರಯಾಣಿಕರನ್ನು ಹೊತ್ತು ಹಾರಿತು. ಡಿಸೈನ್ ಮಾಡುವವರು, ಕಾರ್ಖಾನೆಯಲ್ಲಿ ಜೋಡಿಸುವವರು, ಕೊಳ್ಳುವ ಏರ್‌ಲೈನ್ಸ್‌ನವರು ಒಂದೇ ತಂಡದಲ್ಲಿ ಕೂತಿದ್ದರು. ಅಷ್ಟಾದರೂ ಬೋಯಿಂಗ್‌ನವರು ಸ್ಕ್ರೀನನ್ನು ಸುಮ್ಮನೆ ನಂಬಲಿಲ್ಲ. ವಿಮಾನದ ಮೂತಿಯ ಭಾಗವನ್ನು ನಿಜವಾಗಿ ಕಟ್ಟಿ ಪರೀಕ್ಷಿಸಿದರು. ಅದು ಸರಿಹೋದ ಮೇಲೆ ಉಳಿದ ಮಾದರಿಗಳನ್ನು ಕಟ್ಟುವುದನ್ನು ಬಿಟ್ಟರು.

ಇನ್ನೊಂದು, ಅದೇ ಕಂಪನಿಯ 787. ಇಲ್ಲಿ ಭಾಷಣಕಾರರ ಪಾಠವನ್ನು ಅಕ್ಷರಶಃ ಪಾಲಿಸಿದ್ದರು. ಜಪಾನ್, ಇಟಲಿ, ಅಮೆರಿಕದ ಪಾಲುದಾರರೆಲ್ಲ ಒಂದೇ ಕ್ಯಾಟಿಯಾ, ಒಂದೇ ಆವೃತ್ತಿ. 2007ರ ಜುಲೈ 8ರಂದು ಸಮಾರಂಭ ಮಾಡಿ ವಿಮಾನವನ್ನು ಹೊರಗೆ ತಂದರು. ನೋಡಲು ಸಿದ್ಧ ವಿಮಾನ, ಒಳಗೆ ಹೆಚ್ಚುಕಡಿಮೆ ಖಾಲಿ ಚಿಪ್ಪು; ಎಷ್ಟೋ ಕಡೆ ತಾತ್ಕಾಲಿಕ ಬೋಲ್ಟುಗಳು. ಹಾರಿದ್ದು 2009ರ ಡಿಸೆಂಬರ್‌ನಲ್ಲಿ. 2008ರಲ್ಲಿ ಗ್ರಾಹಕರ ಕೈಸೇರಬೇಕಿದ್ದದ್ದು ಸೇರಿದ್ದು 2011ರಲ್ಲಿ. ಯಾವ ಭಾಗ ಎಷ್ಟು ಮುಗಿದಿದೆ, ಯಾರ ಹತ್ತಿರ ಏನು ಬಾಕಿ ಇದೆ ಅನ್ನುವುದನ್ನು ಹಂಚಿಕೊಂಡ ಮಾಡೆಲ್ ಹೇಳಲಿಲ್ಲ. ಅದನ್ನು ಹೇಳಬೇಕಾದವರು ಮನುಷ್ಯರು.

ಈಗ ಮೂರನ್ನೂ ಒಟ್ಟಿಗೆ ನೋಡಿ. ಹಳೇ ಸಾಫ್ಟ್‌ವೇರ್ ಇದ್ದ ಕಡೆ ಕೆಲಸ ಹೊತ್ತಿಗೆ ಸರಿಯಾಗಿ ಆಯಿತು. ಎಲ್ಲರಿಗೂ ಒಂದೇ ಹೊಸ ಸಾಫ್ಟ್‌ವೇರ್ ಕೊಟ್ಟ ಕಡೆ ಮೂರು ವರ್ಷ ತಡವಾಯಿತು. ಹಾಗಾದರೆ ಆವೃತ್ತಿಯ ಸಂಖ್ಯೆಯೇ ಕಥೆಯ ಖಳನಾಯಕ ಆಗೋಕೆ ಹೇಗೆ ಸಾಧ್ಯ?

ಏರ್‌ಬಸ್ ಹುಟ್ಟಿದ್ದು ಬೇರೆಬೇರೆ ದೇಶಗಳ ಕಂಪನಿಗಳ ಕೂಟವಾಗಿ. ಅದು ಒಂದೇ ಕಂಪನಿ ಆದದ್ದು 2001ರಲ್ಲಿ, ಎ380 ಕೆಲಸ ಶುರುವಾದ ಮೇಲೆ. ಅದರ ಒಡೆಯ ಸಂಸ್ಥೆಗೆ ಆಗ ಇಬ್ಬರು ಮುಖ್ಯಸ್ಥರು, ಒಬ್ಬರು ಫ್ರಾನ್ಸಿನವರು, ಒಬ್ಬರು ಜರ್ಮನಿಯವರು. ಎರಡು ಊರು ಎರಡು ಆವೃತ್ತಿ ಇಟ್ಟುಕೊಂಡದ್ದು ಆ ಮನೆಯೊಳಗಿನ ಗೋಡೆಗಳ ನೆರಳು ಅಂತ ನನಗೆ ಅನ್ನಿಸುತ್ತದೆ. 2005ರಲ್ಲಿ ಒಂದು ಮುಂದೂಡಿಕೆ, 2006ರ ಜೂನ್‌ನಲ್ಲಿ ಇನ್ನೊಂದು, ಅಕ್ಟೋಬರ್‌ನಲ್ಲಿ ಮತ್ತೊಂದು. ಸಮಸ್ಯೆ ಎಷ್ಟು ದೊಡ್ಡದು ಅನ್ನುವುದು ಒಂದೇ ಸಲ ಹೊರಬರಲಿಲ್ಲ, ಕಂತುಕಂತಾಗಿ ಬಂತು. ಸಾಫ್ಟ್‌ವೇರ್ ವೈರಿನ ಉದ್ದ ಲೆಕ್ಕ ಹಾಕಬಹುದು. "ನಮ್ಮ ಕಡೆ ತಪ್ಪಾಗಿದೆ" ಅಂತ ಮೇಲಿನವರ ಮುಂದೆ ಹೇಳುವ ಧೈರ್ಯವನ್ನು ಅದು ಕೊಡಲಾರದು.

ಇದು ಹಳೇ ಕಥೆ, ಈಗ ಯಾಕೆ ಅಂತ ಕೇಳಬಹುದು. ಈಗಿನ ಮಾತು ಡಿಜಿಟಲ್ ಟ್ವಿನ್, ಅಂದರೆ ನಿಜವಾದ ಯಂತ್ರಕ್ಕೆ ಕಂಪ್ಯೂಟರಿನಲ್ಲಿರುವ ಅವಳಿ. ಭರವಸೆ ಮಾತ್ರ ಹಳೆಯದೇ: ಎಲ್ಲರೂ ಒಂದೇ ಮಾಡೆಲ್ ನೋಡಿದರೆ ಎಲ್ಲರಿಗೂ ಒಂದೇ ಸತ್ಯ ಕಾಣುತ್ತದೆ. ಈ ಕೆಲಸದ ದೊಡ್ಡ ಪಾಲು ಈಗ ನಮ್ಮವರ ಕೈಯಲ್ಲೇ ಇದೆ. ಏರ್‌ಬಸ್ 2007ರಲ್ಲೇ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರ ತೆರೆಯಿತು, ಬೋಯಿಂಗ್‌ಗೂ ದೇವನಹಳ್ಳಿಯ ಹತ್ತಿರ ದೊಡ್ಡ ಕ್ಯಾಂಪಸ್ ಇದೆ. ನೀವು ಜರ್ಮನಿಯಲ್ಲಿ ಕೂತು ತೆರೆದ ಮಾಡೆಲನ್ನು ಮುಗಿಸಿದ್ದು ಬೆಂಗಳೂರಿನ ನಿಮ್ಮ ಚಿಕ್ಕಪ್ಪನ ಮಗಳೇ ಆಗಿರಬಹುದು. ಇಬ್ಬರೂ ಆ ವೈರನ್ನು ಮುಟ್ಟಿರುವುದಿಲ್ಲ.

ಆದ್ದರಿಂದ ಮುಂದಿನ ಸಲ ಯಾರಾದರೂ ಮೀಟಿಂಗಿನಲ್ಲಿ ಚೆಂದದ ಮಾಡೆಲ್ ತಿರುಗಿಸಿ ತೋರಿಸಿದಾಗ ಮೂರು ಪ್ರಶ್ನೆ ಕೇಳಿ. ಕಾರ್ಖಾನೆಯಲ್ಲಿ ಬದಲಾದದ್ದು ಇದರಲ್ಲಿ ಯಾವಾಗ ಸೇರುತ್ತೆ? ಇದು ತಪ್ಪು ಅಂತ ಹೇಳುವ ಅಧಿಕಾರ ಯಾರಿಗಿದೆ? ಕೊನೇ ಸಲ ನಿಜವಾದ ವಸ್ತುವಿನ ಪಕ್ಕದಲ್ಲಿ ಇಟ್ಟು ನೋಡಿದವರು ಯಾರು? ನೀವು ಅಲ್ಲಿ ಎಲ್ಲರಿಗಿಂತ ಚಿಕ್ಕವರಾಗಿದ್ದರೂ, ಹೊಸಬರಾಗಿದ್ದರೂ ಕೇಳಿ. ಉತ್ತರ ಸಿಗದಿದ್ದರೆ ಒಂದು ದಿನ ಸಮಯ ಕೇಳಿಕೊಂಡು ಕಾರ್ಖಾನೆಗೆ ಹೋಗಿ ಬನ್ನಿ, ವೈರ್ ಎಳೆಯುವವರನ್ನು ಮಾತಾಡಿಸಿ.