ಮೊದಲು ಅಳತೆ, ಆಮೇಲೆ ಯಂತ್ರ

ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಲ್ಲಿಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ, ಕೋಲ–ನೇಮಗಳಿಗೆ ವಿರಾಮ ಬೀಳುತ್ತದೆ, ಕೃಷಿಕರು ಮಳೆಗಾಲದ ತಯಾರಿಗೆ ಇಳಿಯುತ್ತಾರೆ. ಮನೆಯ ಕರೆಂಟು, ಪಂಪು, ಸೋಲಾರ್, ಕಂಪ್ಯೂಟರುಗಳನ್ನು ತಾವೇ ಜೋಡಿಸಿ ಓಡಿಸುವ ಮಂಗಳೂರಿನ ಹವ್ಯಾಸಿಗಳಿಗೂ ಇದೇ ಗಡುವು ಆಗಬೇಕು. ಈ ಊರಿನಲ್ಲಿ ನಮ್ಮ ಕೆಲಸಕ್ಕೆ ಅಂಕ ಹಾಕುವುದು ಮಳೆಗಾಲವೇ. ಸಿಡಿಲು, ತಂತಿಯ ಮೇಲೆ ಮುರಿದು ಬೀಳುವ ಕೊಂಬೆ, ಗೋಡೆಗೆ ಇಳಿಯುವ ತೇವ, ಕಡಲ ಕಡೆಯ ಉಪ್ಪುಗಾಳಿ ಇವಿಷ್ಟನ್ನೂ ತಾಳಿಕೊಂಡು ಮಳೆಯ ಆಟಿ ತಿಂಗಳು ದಾಟಿದ ವ್ಯವಸ್ಥೆ ಮಾತ್ರ ಒಳ್ಳೆಯ ವ್ಯವಸ್ಥೆ.

ಹೊಸಬರು ಸಾಮಾನ್ಯವಾಗಿ ಮಾತಿಗೆ ಹೊತ್ತಿಕೊಳ್ಳುವ ದೀಪದಿಂದ ಶುರು ಮಾಡುತ್ತಾರೆ. ನನ್ನ ಸಲಹೆ ಬೇರೆ: ಮೀಟರ್ ಬೋರ್ಡಿನಿಂದ ಶುರು ಮಾಡಿ. ಮೀಟರಿನ ಮುಖದ ಮೇಲೆ ಪುಟ್ಟ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂಬುದನ್ನು ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಅನೇಕ ಮೀಟರುಗಳಲ್ಲಿ ಅದು 3,200. ಅಂಥ ಮೀಟರಾದರೆ 1,125ನ್ನು ಎರಡು ಮಿಣುಕುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿ. ಮನೆ ಆ ಹೊತ್ತಿಗೆ ಎಷ್ಟು ವಾಟ್ ಎಳೆಯುತ್ತಿದೆ ಎಂದು ಸಿಗುತ್ತದೆ. ಹನ್ನೊಂದು ಕಾಲು ಸೆಕೆಂಡಿಗೊಮ್ಮೆ ಮಿಣುಕಿದರೆ 100 ವಾಟ್. ಇದಕ್ಕೆ ಸೀಲ್ ಮುಟ್ಟಬೇಕಿಲ್ಲ, ತಂತಿ ಬಿಚ್ಚಬೇಕಿಲ್ಲ, ಕೈಗಡಿಯಾರ ಸಾಕು. ರಾತ್ರಿ ಎಲ್ಲ ಆರಿಸಿದ ಮೇಲೂ ಮನೆ ಎಷ್ಟು ಎಳೆಯುತ್ತದೆ ಎಂಬುದನ್ನು ಇದೊಂದೇ ಲೆಕ್ಕ ಹೇಳಿಬಿಡುತ್ತದೆ. ರುಚಿ ಹತ್ತಿದ ಮೇಲೆ ಆ ದೀಪದ ಎದುರು ಬೆಳಕಿನ ಸೆನ್ಸರ್ ಅಂಟಿಸಿ, ಇಎಸ್‌ಪಿ32 ಎಂಬ ಅಗ್ಗದ ವೈಫೈ ಚಿಪ್ಪಿಗೆ ಜೋಡಿಸಿದರೆ ದಿನವಿಡೀ ಅದೇ ಎಣಿಸುತ್ತದೆ.

ಅಳತೆ ಸಿಕ್ಕಿತೆಂದರೆ ಖರ್ಚು ಎಲ್ಲಿ ಮಾಡಬೇಕು ಎಂಬುದೂ ತಿಳಿಯುತ್ತದೆ. ನಮ್ಮ ಸೆಕೆಗೆ ಫ್ಯಾನು ವರ್ಷವಿಡೀ ತಿರುಗಲೇಬೇಕು. ಹಳೆಯ ಫ್ಯಾನು ಸುಮಾರು 75 ವಾಟ್ ತಿಂದರೆ ಬಿಎಲ್‌ಡಿಸಿ ಫ್ಯಾನು 30 ವಾಟ್ ಆಸುಪಾಸಿನಲ್ಲಿ ಅದೇ ಗಾಳಿ ಕೊಡುತ್ತದೆ. ಮೂರು ಫ್ಯಾನು ದಿನಕ್ಕೆ 12 ಗಂಟೆ ತಿರುಗುವ ಮನೆಯಲ್ಲಿ ತಿಂಗಳಿಗೆ 48 ಯೂನಿಟ್ ಉಳಿಯಿತು. 2023ರಲ್ಲಿ ಬಂದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಆ ಗೆರೆಯ ಹತ್ತಿರ ಇರುವ ಮನೆಗೆ ಈ 48 ಯೂನಿಟ್ ದೊಡ್ಡ ಮಾತು.

ಎರಡನೆಯ ಕೆಲಸ ನೀರಿನದ್ದು. ಈ ನಗರ ಕುಡಿಯುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನ ನೀರನ್ನು. 2019ರ ಮತ್ತು 2023ರ ಬೇಸಿಗೆಯಲ್ಲಿ ಅಲ್ಲಿ ಮಟ್ಟ ಇಳಿದು, ಮನೆಮನೆಗೆ ಸರದಿಯಲ್ಲಿ ನೀರು ಬಿಡಬೇಕಾಯಿತು. ನಳ್ಳಿ ಬಂದ ಹೊತ್ತಿಗೆ ಸಂಪು ತುಂಬಿಕೊಳ್ಳಬೇಕು, ಟಾಂಕಿ ಉಕ್ಕಿ ಹನಿಯೂ ಪೋಲಾಗಬಾರದು. ಬಾವಿ ಇದ್ದವರಿಗೆ ಏಪ್ರಿಲ್–ಮೇ ತಿಂಗಳಲ್ಲಿ ಇನ್ನೊಂದು ಚಿಂತೆ: ನೀರು ತಳ ಕಂಡ ಮೇಲೂ ಪಂಪು ಓಡುತ್ತಿದ್ದರೆ ಮೋಟಾರು ಸುಟ್ಟುಹೋಗುತ್ತದೆ. ಇದಕ್ಕೆ ಬಾವಿಯೊಳಗೆ ಏನನ್ನೂ ಇಳಿಬಿಡಬೇಕಿಲ್ಲ. ನೀರೆತ್ತುವ ಪಂಪು ಎಳೆಯುವ ಕರೆಂಟು, ಬರಿದೇ ತಿರುಗುವಾಗ ಗಣನೀಯವಾಗಿ ಇಳಿಯುತ್ತದೆ. ತಂತಿಯ ಸುತ್ತ ಬಳೆ ತೊಡಿಸಿ ಕರೆಂಟು ಅಳೆಯುವ ಪಿಜೆಡ್‌ಇಎಂ–004ಟಿ ಮಾಡ್ಯೂಲ್ ಈ ಇಳಿತವನ್ನು ಹಿಡಿಯುತ್ತದೆ. ಹತ್ತು ಸೆಕೆಂಡು ಅದು ಹಾಗೆಯೇ ಉಳಿದರೆ ಪಂಪು ನಿಲ್ಲಿಸಲು ನಾಲ್ಕು ಸಾಲಿನ ಆದೇಶ ಸಾಕು. ಆದರೆ ಆ ಆದೇಶ ಪಾಲಿಸಲು ಚಿಪ್ಪಿಗೆ ಜೋಡಿಸುವ ಸಣ್ಣ ನೀಲಿ ರಿಲೇಗೆ ಪಂಪನ್ನು ನೇರ ಕಟ್ಟಬೇಡಿ. ಹೊರಡುವಾಗ ಮೋಟಾರು ಹಲವು ಪಟ್ಟು ಕರೆಂಟು ಎಳೆಯುವುದರಿಂದ ರಿಲೇಯ ತುದಿಗಳು ಬೆಸೆದುಕೊಳ್ಳುತ್ತವೆ, ಪಂಪು ನಿಲ್ಲುವುದೇ ಇಲ್ಲ. ರಿಲೇ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚನ್ನು ಎಳೆಯಲಿ, ಪಂಪಿನ ಭಾರವನ್ನು ಕಾಂಟ್ಯಾಕ್ಟರ್ ಹೊರಲಿ. ಈ ಭಾಗದ ವೈರಿಂಗ್ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರ ಕೈಯಿಂದಲೇ ಆಗಬೇಕು.

ಟಾಂಕಿಯ ಮಟ್ಟ ನೋಡಲು ಹಲವರು ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಸೆನ್ಸರ್ ತರುತ್ತಾರೆ. ತೆರೆದ ಮಾದರಿಯದ್ದು ಮುಚ್ಚಿದ ಟಾಂಕಿಯ ತೇವಕ್ಕೆ ಬೇಗ ಕೆಡುತ್ತದೆ. ಜಲನಿರೋಧಕ ಮಾದರಿಗೆ 20 ಸೆಂಟಿಮೀಟರಿಗಿಂತ ಹತ್ತಿರದ ನೀರು ಕಾಣುವುದಿಲ್ಲ, ಅಷ್ಟು ಎತ್ತರದಲ್ಲಿ ಕೂರಿಸಬೇಕು. ಯಾವುದನ್ನೇ ಹಾಕಿದರೂ ಹಳೆಯ ಫ್ಲೋಟ್ ಸ್ವಿಚ್ಚನ್ನು ಕಿತ್ತುಹಾಕಬೇಡಿ. ಸೆನ್ಸರ್ ತಪ್ಪಿದ ದಿನ ಟಾಂಕಿ ಉಕ್ಕದಂತೆ ಕಾಯುವುದು ಅದೇ.

ಇವೆಲ್ಲವನ್ನೂ ನಡೆಸುವ ಮಿದುಳು ಮನೆಯೊಳಗೇ ಇರಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಮಾರ್ಟ್ ಸ್ವಿಚ್ಚುಗಳು ನಿಮ್ಮ ಆದೇಶವನ್ನು ಎಲ್ಲೋ ದೂರದ ಸರ್ವರಿಗೆ ಕಳಿಸಿ, ಅಲ್ಲಿಂದ ಉತ್ತರ ಬಂದ ಮೇಲೆ ದೀಪ ಹಚ್ಚುತ್ತವೆ. ಜುಲೈ ಗಾಳಿಗೆ ಮರ ಬಿದ್ದು ಫೈಬರ್ ಕಡಿದರೆ ಅವು ಮೂಕ. 2013ರಲ್ಲಿ ಪೌಲಸ್ ಸ್ಕೌಟ್ಸನ್ ಆರಂಭಿಸಿದ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ ನಿಮ್ಮದೇ ಪುಟ್ಟ ಕಂಪ್ಯೂಟರಿನಲ್ಲಿ ಓಡುತ್ತದೆ, ಇಂಟರ್ನೆಟ್ ಇಲ್ಲದೆಯೂ ಪಂಪು ನಡೆಸುತ್ತದೆ. ಅದರೊಂದಿಗೆ ಚಿಪ್ಪುಗಳು ಮಾತಾಡಲು ಬಳಸುವ ಎಂಕ್ಯೂಟಿಟಿ ಎಂಬ ಕ್ರಮವನ್ನು 1999ರಲ್ಲಿ ರೂಪಿಸಿದ್ದು ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲು. ದುರ್ಬಲ ಸಂಪರ್ಕಕ್ಕೆಂದೇ ಹುಟ್ಟಿದ್ದರಿಂದ ನಮ್ಮ ಮುರಕಲ್ಲಿನ ದಪ್ಪ ಗೋಡೆಗಳ ಆಚೆಯ ಬಡಕಲು ವೈಫೈಯಲ್ಲೂ ಅದು ನಿಭಾಯಿಸುತ್ತದೆ.

ಕಂಪ್ಯೂಟರ್ ಯಾವುದಿರಲಿ ಎಂಬುದಕ್ಕೂ ಲೆಕ್ಕವೇ ಉತ್ತರ. ಸದಾ 80 ವಾಟ್ ತಿನ್ನುವ ಹಳೆಯ ಡೆಸ್ಕ್‌ಟಾಪ್ ತಿಂಗಳಿಗೆ 57 ಯೂನಿಟ್ ಮುಗಿಸುತ್ತದೆ. ಫ್ಯಾನಿನಲ್ಲಿ ಉಳಿಸಿದ್ದು ಅಲ್ಲೇ ಹೋಯಿತು. 10 ವಾಟಿನ ಪುಟ್ಟ ಯಂತ್ರಕ್ಕೆ 7 ಯೂನಿಟ್ ಚಿಲ್ಲರೆ ಸಾಕು. ಮನೆಮಂದಿಯ ಫೋಟೊಗಳು, ಮದುವೆಯ ವಿಡಿಯೊಗಳು, ಜಾಗದ ಕಾಗದಪತ್ರಗಳ ಪ್ರತಿ ಎಲ್ಲವನ್ನೂ ಅದೇ ಕಾಪಾಡಬಲ್ಲದು. ಅದಕ್ಕೆ ಮೆಮೊರಿ ಕಾರ್ಡಿನ ಬದಲು ಎಸ್‌ಎಸ್‌ಡಿ ಹಾಕಿ. ಬರೆಯುವ ಹೊತ್ತಿಗೆ ಕರೆಂಟು ಹೋದರೆ ಕಾರ್ಡು ಕೆಡುವುದು ಸಾಮಾನ್ಯ, ಇಲ್ಲಿ ಕರೆಂಟು ಹೋಗುವುದೂ ಸಾಮಾನ್ಯ. ಹಾಗಾಗಿ ಯಂತ್ರವೂ ರೂಟರೂ ಇನ್ವರ್ಟರಿನ ಸಾಲಿನಲ್ಲೇ ಇರಲಿ. ಮುಖ್ಯ ಕಡತಗಳ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ.

ಚಾವಣಿಯ ಸೋಲಾರಿಗೆ ಈಗ ಒಳ್ಳೆಯ ಕಾಲ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ 2 ಕಿಲೋವಾಟಿಗೆ 60,000 ರೂಪಾಯಿ, 3 ಕಿಲೋವಾಟ್ ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಆದರೆ ಹಾಕಿಸುವ ಮೊದಲು ಒಂದು ವಿಷಯ ತಿಳಿದಿರಲಿ: ಬ್ಯಾಟರಿಯಿಲ್ಲದ, ಗ್ರಿಡ್ಡಿಗೆ ಕಟ್ಟಿದ ಸೋಲಾರು ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಚಾವಣಿಯ ಕರೆಂಟು ಹೊಡೆಯಬಾರದೆಂದೇ ಈ ಏರ್ಪಾಡು. ಕತ್ತಲಲ್ಲೂ ಮನೆ ಬೆಳಗಬೇಕಾದರೆ ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರ್ ಬೇಕು. ವರ್ಷದ ಸರಾಸರಿಯಲ್ಲಿ ಒಂದು ಕಿಲೋವಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಟ್ಟರೂ ಆಟಿಯಲ್ಲಿ ಅಷ್ಟು ಸಿಗದು. ಬ್ಯಾಟರಿಯ ಗಾತ್ರವನ್ನು ಮಾರ್ಚಿನ ಬಿಸಿಲು ನೋಡಿ ನಿಶ್ಚಯಿಸಬೇಡಿ. ಪ್ಯಾನೆಲ್ ನಿಲ್ಲಿಸುವ ಚೌಕಟ್ಟು ಅಲ್ಯೂಮಿನಿಯಂ ಅಥವಾ ಸತುವಿನಲ್ಲಿ ಅದ್ದಿ ತೆಗೆದ ಉಕ್ಕಿನದ್ದಾಗಿರಲಿ. ಪಣಂಬೂರು, ಉಳ್ಳಾಲದ ಕಡೆಯ ಗಾಳಿಗೆ ಬರಿಯ ಬಣ್ಣ ಬಳಿದ ಕಬ್ಬಿಣ ಬಾಳದು.

ಇಷ್ಟೆಲ್ಲದರ ಬುಡದಲ್ಲಿರುವುದು ಅರ್ಥಿಂಗ್. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಕರೆಂಟನ್ನು ಸುಲಭವಾಗಿ ಇಳಿಸಿಕೊಳ್ಳುವುದಿಲ್ಲ, ಮಳೆಯ ಮೊದಲ ಗುಡುಗು ಬರುವುದು ಅದೇ ಹೊತ್ತಿಗೆ. ಪತ್ತನಾಜೆಗೆ ಮೊದಲು ಅರ್ಥಿಂಗ್ ಅಳೆಯಿಸಿ, ಮೇನ್ ಬೋರ್ಡಿಗೆ ಸರ್ಜ್ ರಕ್ಷಕವನ್ನೂ 30 ಮಿಲಿಆಂಪಿನ ಆರ್‌ಸಿಸಿಬಿಯನ್ನೂ ಹಾಕಿಸಿ. ಹೊರಗೋಡೆಯ ಮೇಲಿನ ಸರ್ಕ್ಯೂಟ್ ಬೋರ್ಡುಗಳಿಗೆ ತೇವ ನಿರೋಧಕ ಲೇಪ ಬಳಿಯಿರಿ.

ಕಡೆಯದಾಗಿ ಒಂದು ಕೋರಿಕೆ. ನೀವು ಜೋಡಿಸಿದ ಪ್ರತಿಯೊಂದಕ್ಕೂ ಕೈಯಿಂದ ಒತ್ತುವ ಸ್ವಿಚ್ಚು ಉಳಿಸಿ. ಯಾವ ತಂತಿ ಎಲ್ಲಿಗೆ, ಯಾವುದನ್ನು ಆರಿಸಿದರೆ ಪಂಪು ಹಳೆಯ ರೀತಿಯಲ್ಲೇ ಓಡುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದು ಬೋರ್ಡಿನ ಬಾಗಿಲಿಗೆ ಅಂಟಿಸಿ. ಒಂದು ದಿನ ಎಲ್ಲವನ್ನೂ ಆರಿಸಿಟ್ಟು, ಆ ಚೀಟಿ ನೋಡಿ ಪಂಪು ಹಾಕಲು ಮನೆಯ ಹಿರಿಯರಿಗೆ ಹೇಳಿ. ನೀವು ಕೈಹಾಕದೆ ಟಾಂಕಿಗೆ ನೀರು ಏರಿತೆಂದರೆ ನಿಮ್ಮ ಕೆಲಸ ಪಾಸಾಯಿತು.